ಡಿಸ್ಕೋ, ಡೌನ್‌ಲೋಡೋ? ಮಲೆನಾಡಿನ ಮನೆಗೆ ಗೇಮಿಂಗ್ ಕನ್ಸೋಲ್ ಆರಿಸುವ ಮುನ್ನ

ಹೋದ ಮಳೆಗಾಲದಲ್ಲಿ ಒಂದು ಸಂಜೆ ಅಕ್ಕನ ಮಗ ಹೊಸನಗರದ ಕಡೆಯಿಂದ ಫೋನ್ ಮಾಡಿದ. ಹಿಂದಿನ ಕೊಯ್ಲಿನಲ್ಲಿ ಅಡಿಕೆ ಸುಲಿದ ದುಡ್ಡಿಗೆ ಅಪ್ಪ ಕೊಟ್ಟದ್ದನ್ನೂ ಸೇರಿಸಿ ಪ್ಲೇಸ್ಟೇಷನ್ ತಗೊಳ್ಳಲು ಹೊರಟಿದ್ದ. ಟಿವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಯಂತ್ರ ಅದು, ಇಂಥದ್ದಕ್ಕೇ ಕನ್ಸೋಲ್ ಅನ್ನುವುದು.

"ಮಾವ, ರೆಡ್ ಡೆಡ್ ರಿಡೆಂಪ್ಷನ್ 2 ಆಟ ಎರಡು ಡಿಸ್ಕಲ್ಲಿ ಬರ್ತದಂತೆ. ಡಿಸ್ಕ್ ಇದ್ರೆ ಮೆಷಿನ್ನಲ್ಲಿ ಜಾಗ ಉಳೀತದಲ್ಲ?"

ಉಳಿಯೋದಿಲ್ಲ ಮಾರಾಯ, ಅಂದೆ.

"ಹಂಗಾದ್ರೆ ಡಿಸ್ಕ್ ಎಂತಕ್ಕೆ?"

ಇದೇ ಪ್ರಶ್ನೆಯನ್ನು ಸಾಗರದವರೊಬ್ಬರು, ತೀರ್ಥಹಳ್ಳಿಯ ಇಬ್ಬರು, ಶಿವಮೊಗ್ಗದ ವಿನೋಬನಗರದ ಒಬ್ಬ ತಾಯಿ ನನ್ನನ್ನು ಕೇಳಿದ್ದಾರೆ. ಡಿಸ್ಕ್ ಇರುವ ಕನ್ಸೋಲೋ ಇಲ್ಲದ್ದೋ, ಹಳೆಯದೋ ಹೊಸದೋ, ಜಾಗ ಸಾಲದಿದ್ದರೆ ಏನು ಸೇರಿಸಬೇಕು ಎಂದು ಎಲ್ಲರೂ ಗೊಂದಲದಲ್ಲಿದ್ದವರೇ. ಬೆಂಗಳೂರಿನಲ್ಲಿ ಕೂತವರು ಬರೆದ ಸಲಹೆ ನಮಗೆ ಅರ್ಧ ಮಾತ್ರ ಹೊಂದುತ್ತದೆ. ನಮ್ಮಲ್ಲಿ ಮಳೆ ಬೇರೆ, ಕರೆಂಟು ಬೇರೆ, ನೆಟ್‌ವರ್ಕ್ ಬೇರೆ. ಅದಕ್ಕೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಎರಡು ಡಿಸ್ಕ್ ಯಾಕೆ?

ಹಳೆಯ ಪ್ಲೇಸ್ಟೇಷನ್ ಕಾಲದಲ್ಲಿ ಆಟ ಡಿಸ್ಕಿನಿಂದಲೇ ನೇರವಾಗಿ ಓಡುತ್ತಿತ್ತು. ಒಂದು ಸಿಡಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 650ರಿಂದ 700 ಎಂಬಿ. 1997ರ ಫೈನಲ್ ಫ್ಯಾಂಟಸಿ 7 ಅದರಲ್ಲಿ ಹಿಡಿಯದೆ ಮೂರು ಸಿಡಿಗಳಲ್ಲಿ ಬಂತು. ಕತೆ ಒಂದು ಘಟ್ಟ ಮುಟ್ಟಿದಾಗ ಮುಂದಿನ ಡಿಸ್ಕ್ ಹಾಕಿ ಎಂದು ತೆರೆಯೇ ಹೇಳುತ್ತಿತ್ತು. ಮುಂದೆ ಡಿವಿಡಿ ಬಂತು. ಎರಡು ಪದರದ್ದಾದರೆ 8.5 ಜಿಬಿ. ಮೈಕ್ರೋಸಾಫ್ಟಿನ ಕನ್ಸೋಲ್ ಎಕ್ಸ್‌ಬಾಕ್ಸ್ 360 ಡಿವಿಡಿಯನ್ನೇ ನಂಬಿಕೊಂಡಿತ್ತು, ಪ್ಲೇಸ್ಟೇಷನ್ 3ರಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುವ ಬ್ಲೂ-ರೇ ಡಿಸ್ಕ್ ಇತ್ತು. ಹಾಗಾಗಿ 2011ರ ಎಲ್.ಎ. ನೋಯರ್ ಎಕ್ಸ್‌ಬಾಕ್ಸಿಗೆ ಮೂರು ಡಿಸ್ಕ್, ಪ್ಲೇಸ್ಟೇಷನ್ನಿಗೆ ಒಂದೇ ಡಿಸ್ಕ್.

ಈಗಿನ ಲೆಕ್ಕವೇ ಬೇರೆ. ಪ್ಲೇಸ್ಟೇಷನ್ 4ರ, ಅಂದರೆ ಪಿಎಸ್ 4ರ ಬ್ಲೂ-ರೇಯಲ್ಲಿ 50 ಜಿಬಿ, ಪಿಎಸ್ 5ರದ್ದರಲ್ಲಿ 100 ಜಿಬಿ ಹಿಡಿಯುತ್ತದೆ. 2018ರ ರೆಡ್ ಡೆಡ್ 2 ನೂರು ಜಿಬಿಯ ಆಸುಪಾಸು ಇರುವುದರಿಂದ ಪಿಎಸ್ 4ಕ್ಕೆ ಎರಡು ಡಿಸ್ಕಿನಲ್ಲಿ ಬಂತು. 2020ರ ದ ಲಾಸ್ಟ್ ಆಫ್ ಅಸ್ ಭಾಗ 2 ಕೂಡ ಹಾಗೆಯೇ. ಪಿಎಸ್ 5ಕ್ಕೆ 2024ರಲ್ಲಿ ಬಂದ ಫೈನಲ್ ಫ್ಯಾಂಟಸಿ 7 ರೀಬರ್ತ್ 150 ಜಿಬಿಯ ಹತ್ತಿರದ್ದು. ನೂರು ಜಿಬಿಯ ಡಿಸ್ಕ್ ಕೂಡ ಅದಕ್ಕೆ ಸಾಲದೆ ಎರಡಾಯಿತು.

ಈ ಎರಡರಲ್ಲಿ ಒಂದು ಡೇಟಾ ಡಿಸ್ಕ್, ಇನ್ನೊಂದು ಪ್ಲೇ ಡಿಸ್ಕ್. ಮೊದಲು ಡೇಟಾ ಡಿಸ್ಕ್ ಹಾಕಿ ಅದರಲ್ಲಿರುವುದನ್ನೆಲ್ಲ ಕನ್ಸೋಲಿನೊಳಗೆ ಇಳಿಸಬೇಕು, ಆಮೇಲೆ ಪ್ಲೇ ಡಿಸ್ಕ್. ಅಲ್ಲಿಂದ ಮುಂದೆ ಆಡುವಾಗಲೆಲ್ಲ ಪ್ಲೇ ಡಿಸ್ಕ್ ಒಂದಿದ್ದರೆ ಸಾಕು. ಈ ಆಟ ನಿಮ್ಮದು ಎಂದು ಕನ್ಸೋಲಿಗೆ ತೋರಿಸುವ ಬೀಗದ ಕೈ ಅದು. ಆಟ ಓಡುವುದು ಕನ್ಸೋಲಿನ ಒಳಗಿನಿಂದಲೇ, ಪಿಎಸ್ 4ರಲ್ಲಿ ಹಾರ್ಡ್ ಡಿಸ್ಕಿನಿಂದ, ಪಿಎಸ್ 5ರಲ್ಲಿ ತಿರುಗುವ ಭಾಗವಿಲ್ಲದ ವೇಗದ ಎಸ್‌ಎಸ್‌ಡಿಯಿಂದ. ಪಿಎಸ್ 5ರ ಎಸ್‌ಎಸ್‌ಡಿ ಸೆಕೆಂಡಿಗೆ 5,500 ಎಂಬಿ ಓದುತ್ತದೆ. ಡಿಸ್ಕ್ ಡ್ರೈವ್ ಎಷ್ಟೇ ಜೋರಾಗಿ ತಿರುಗಿದರೂ ಅದರ ನೂರರಲ್ಲೊಂದು ಪಾಲನ್ನೂ ಮುಟ್ಟುವುದಿಲ್ಲ. ಹೀಗಾಗಿ ಡಿಸ್ಕ್ ಒಂದಿರಲಿ ಮೂರಿರಲಿ, ಆಟ ಪೂರ್ತಿಯಾಗಿ ಒಳಗೆ ಬಂದು ಕೂರಲೇಬೇಕು. ಡಿಸ್ಕ್ ಉಳಿಸುವುದು ನಿಮ್ಮ ಇಂಟರ್ನೆಟ್ ಡೇಟಾವನ್ನು. ಕನ್ಸೋಲಿನ ಜಾಗವನ್ನು ಅದು ಉಳಿಸುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದದ್ದು

ಮೊದಲನೆಯದು ನಿಮ್ಮ ಮನೆಗೆ ಬರುವ ಇಂಟರ್ನೆಟ್ಟು. ಉಳಿದೆಲ್ಲ ಇದರ ನಂತರವೇ. 150 ಜಿಬಿಯ ಆಟವನ್ನು 100 ಎಂಬಿಪಿಎಸ್ ಫೈಬರಿನಲ್ಲಿ ಇಳಿಸಲು ಮೂರೂಕಾಲು ಗಂಟೆಯ ಮೇಲೆ ಬೇಕು. 30 ಎಂಬಿಪಿಎಸ್ ಆದರೆ ಹನ್ನೊಂದು ಗಂಟೆ, ಅಂದರೆ ರಾತ್ರಿ ಹಾಕಿ ಮಲಗಿದರೆ ಬೆಳಗಿನ ತಿಂಡಿಯ ಹೊತ್ತಿಗೆ ಮುಗಿದಿರುತ್ತದೆ. 10 ಎಂಬಿಪಿಎಸ್‌ಗೆ ಮೂವತ್ಮೂರು ಗಂಟೆ, ಅದೂ ಒಂದು ನಿಮಿಷವೂ ಕಡಿಯದೆ ಬಂದರೆ. ಮೊಬೈಲಿನಲ್ಲಿ ದಿನಕ್ಕೆ 2 ಜಿಬಿಯ ಪ್ಯಾಕ್ ಹಾಕಿಕೊಂಡು ಹಾಟ್‌ಸ್ಪಾಟ್ ಕೊಡುವವರಾದರೆ ಎಪ್ಪತ್ತೈದು ದಿನ. ಆ ಎಪ್ಪತ್ತೈದು ದಿನ ಮನೆಯಲ್ಲಿ ಬೇರೆ ಯಾರೂ ಒಂದು ವಿಡಿಯೊ ಕೂಡ ನೋಡುವ ಹಾಗಿಲ್ಲ. ಅಕ್ಕನ ಮನೆಯಲ್ಲಿ ಸಿಗ್ನಲ್ ಬೇಕಾದರೆ ಅಂಗಳ ದಾಟಿ ಗುಡ್ಡದ ಕಡೆಗೆ ಹತ್ತು ಹೆಜ್ಜೆ ಏರಬೇಕು. ಅವರ ಮಟ್ಟಿಗೆ ತೀರ್ಮಾನ ಇಲ್ಲಿಗೇ ಮುಗಿದ ಹಾಗೆ.

ಎರಡನೆಯದು, ಒಂದೇ ಹೊತ್ತಿಗೆ ಎಷ್ಟು ಆಟ ಆಡುತ್ತೀರಿ? ಒಂದನ್ನು ಹಿಡಿದು ಮುಗಿಸಿ ಇನ್ನೊಂದಕ್ಕೆ ಹೋಗುವವರಿಗೆ ಜಾಗದ ತಲೆಬಿಸಿ ಅಷ್ಟಿಲ್ಲ. ಮನೆಯಲ್ಲಿ ಮೂವರಿದ್ದು, ಒಬ್ಬರಿಗೆ ಕ್ರಿಕೆಟ್ಟು, ಒಬ್ಬರಿಗೆ ಕಾರು, ಇನ್ನೊಬ್ಬರಿಗೆ ದೊಡ್ಡ ಕತೆಯ ಆಟ ಬೇಕೆಂದರೆ ಜಗಳ ಶುರುವಾಗುವುದೇ ಜಾಗಕ್ಕೆ.

ಮೂರನೆಯದು ಆಡಿ ಮುಗಿದ ಆಟವನ್ನು ಮಾರುವ, ಗೆಳೆಯರಿಗೆ ಕೊಡುವ ರೂಢಿ. ದೊಡ್ಡ ಆಟವೊಂದು ಹೊಸದಾಗಿ ಬಂದಾಗ ಐದು ಸಾವಿರದ ಹತ್ತಿರ ಇರುತ್ತದೆ. ಡಿಸ್ಕ್ ಆದರೆ ಒಂದಷ್ಟು ವಾಪಸ್ ಬರುತ್ತದೆ. ಡೌನ್‌ಲೋಡ್ ಮಾಡಿಕೊಂಡದ್ದನ್ನು ಮಾರುವ ಹಾಗಿಲ್ಲ. ಆದರೆ ಆನ್‌ಲೈನ್ ಸ್ಟೋರಿನ ಸೇಲ್‌ನಲ್ಲಿ ಹಳೆಯ ಆಟಗಳು ಅರ್ಧ ಬೆಲೆಗೂ ಕೆಳಗೆ ಸಿಗುವುದುಂಟು, ಅದನ್ನೂ ಮರೆಯಬಾರದು.

ಕೊನೆಯದು ಮಳೆ ಮತ್ತು ಕರೆಂಟು. ಅದನ್ನು ಮುಂದೆ ಹೇಳುತ್ತೇನೆ.

ಪಿಎಸ್ 5: ಡಿಸ್ಕ್ ಇರುವುದು, ಇಲ್ಲದಿರುವುದು

2024ರ ಏಪ್ರಿಲ್‌ನಲ್ಲಿ ಪಿಎಸ್ 5ರ ಸಣ್ಣ ಮಾದರಿಯಾದ ಸ್ಲಿಮ್ ಭಾರತಕ್ಕೆ ಬಂದಾಗ ಡಿಸ್ಕ್ ಇರುವುದಕ್ಕೆ 54,990 ರೂಪಾಯಿ, ಡಿಸ್ಕ್ ಡ್ರೈವ್ ಇಲ್ಲದ ಡಿಜಿಟಲ್‌ಗೆ 44,990 ಇತ್ತು. ಬೆಲೆ ಏರಿಳಿಯುತ್ತಿರುತ್ತದೆ, ನೀವು ನೋಡಬೇಕಾದದ್ದು ಎರಡರ ನಡುವಿನ ಅಂತರವನ್ನು. ಆ ಹತ್ತು ಸಾವಿರ ಉಳಿಯಿತು ಎಂದು ಡಿಜಿಟಲ್ ತಗೊಂಡವರು ಹಳೆಯ ಡಿಸ್ಕ್ ಅಗ್ಗಕ್ಕೆ ಸಿಕ್ಕಿದಾಗ ಸುಮ್ಮನೆ ನೋಡುತ್ತಾ ಕೂರಬೇಕು. ನಾಲ್ಕೈದು ಆಟಗಳನ್ನು ಸೆಕೆಂಡ್ ಹ್ಯಾಂಡ್ ಕೊಂಡು ಮತ್ತೆ ಮಾರಿದರೆ ಆ ಅಂತರ ಅಲ್ಲೇ ತುಂಬಿಹೋಗುತ್ತದೆ. ಸ್ಲಿಮ್ ಡಿಜಿಟಲ್‌ಗೆ ಡಿಸ್ಕ್ ಡ್ರೈವನ್ನು ಬೇರೆಯಾಗಿ ಕೊಂಡು ಆಮೇಲೆ ಜೋಡಿಸಬಹುದು, ಮೊದಲ ಸಲ ಜೋಡಿಸುವಾಗ ಮಾತ್ರ ಇಂಟರ್ನೆಟ್ ಬೇಕು. ಈಗ ಕೈ ಬಿಗಿಯಾಗಿದ್ದು ಮುಂದೆ ನೋಡೋಣ ಅನ್ನುವವರಿಗೆ ಇದೊಂದು ಅನುಕೂಲ.

ಒಳಗಿನ ಜಾಗ 2024ರ ಸ್ಲಿಮ್‌ನ ಈ ಎರಡರಲ್ಲೂ ಒಂದೇ. ಪೆಟ್ಟಿಗೆಯ ಮೇಲೆ 1 ಟಿಬಿ (ಸಾವಿರ ಜಿಬಿ) ಎಂದಿದ್ದರೂ ಆಟಕ್ಕೆ ಸಿಗುವುದು ಸುಮಾರು 840 ಜಿಬಿ. 2020ರ ಮೊದಲ ಪಿಎಸ್ 5ರಲ್ಲಿ 825 ಎಂದು ಬರೆದಿತ್ತು, ಸಿಗುತ್ತಿದ್ದದ್ದು 667. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಕೇಳಿ ತಿಳಿದುಕೊಳ್ಳಿ, ಈ ವ್ಯತ್ಯಾಸದಲ್ಲಿ ಒಂದು ದೊಡ್ಡ ಆಟವೇ ಕೂರುತ್ತದೆ.

ಡಿಸ್ಕಿನ ನಿಜವಾದ ಲಾಭ ಗೊತ್ತಾಗುವುದು ಜಾಗ ತುಂಬಿದ ದಿನ. ಒಂದು ಆಟವನ್ನು ಅಳಿಸಿದಿರಿ ಅನ್ನಿ. ಮತ್ತೆ ಬೇಕಾದಾಗ ಡಿಸ್ಕ್ ಹಾಕಿದರೆ ಒಂದೆರಡು ಗಂಟೆಯೊಳಗೆ ಬಹುಪಾಲು ವಾಪಸ್ ಬರುತ್ತದೆ, ಅಪ್‌ಡೇಟ್ ಒಂದಿಷ್ಟನ್ನು ನೆಟ್‌ನಿಂದ ತಗೊಂಡರೆ ಆಯಿತು. ಡಿಜಿಟಲ್‌ನವರು ಅದೇ 150 ಜಿಬಿಯನ್ನು ಮತ್ತೆ ಮೊದಲಿಂದ ಎಳೆಯಬೇಕು. ನೆಟ್ ಕಡಿಮೆ ಇರುವ ಊರಲ್ಲಿ ಡಿಜಿಟಲ್ ಆಟವನ್ನು ಅಳಿಸಲು ಕೈಯೇ ಬರುವುದಿಲ್ಲ. ಹಾಗೆ ಅಳಿಸದೆ ಕೂಡಿಡುತ್ತಾ ಹೋದರೆ ಜಾಗವೂ ಬೇಗ ಮುಗಿಯುತ್ತದೆ.

ಆದರೆ ಡಿಸ್ಕ್ ಎಂದ ಮಾತ್ರಕ್ಕೆ ಆಟ ಪೂರ್ತಿ ಅದರಲ್ಲಿದೆ ಎಂದು ನಂಬಬೇಡಿ. 2022ರ ಕಾಲ್ ಆಫ್ ಡ್ಯೂಟಿ ಮಾಡರ್ನ್ ವಾರ್‌ಫೇರ್ 2ರ ಪಿಎಸ್ 5 ಡಿಸ್ಕಿನಲ್ಲಿದ್ದದ್ದು 70 ಎಂಬಿಯ ಆಸುಪಾಸು. ಉಳಿದದ್ದೆಲ್ಲ ನೆಟ್‌ನಿಂದಲೇ ಬರಬೇಕು. ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ ಡೌನ್‌ಲೋಡ್ ಅಗತ್ಯ ಎಂದಿದೆಯೇ, ಕನಿಷ್ಠ ಎಷ್ಟು ಜಿಬಿ ಬೇಕು ಎಂದಿದೆ, ಇವನ್ನು ಅಂಗಡಿಯಲ್ಲೇ ಓದಿ. ಬರೀ ಆನ್‌ಲೈನ್ ಆಡುವ ಆಟಗಳಿಗೆ ಡಿಸ್ಕ್ ಕೊಂಡು ಹೆಚ್ಚು ಪ್ರಯೋಜನವಿಲ್ಲ, ಅವು ಆಗಾಗ ಅಪ್‌ಡೇಟ್ ಕೇಳುತ್ತಲೇ ಇರುತ್ತವೆ. ಎರಡು ಡಿಸ್ಕಿನ ಕತೆಯ ಆಟಗಳನ್ನು ಕಂಡರೆ ನನಗೆ ಖುಷಿ, ಎರಡನೆಯ ಡಿಸ್ಕ್ ಕೊಟ್ಟಿದ್ದಾರೆ ಎಂದರೆ ಆಟವನ್ನು ಡಿಸ್ಕಿನಲ್ಲೇ ಕೊಡುವ ಮನಸ್ಸು ಮಾಡಿದ್ದಾರೆ ಎಂದೇ ಲೆಕ್ಕ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಒಂದು ಮಾತು. ಶಿವಮೊಗ್ಗದ ಅಂಗಡಿಯೊಂದರಲ್ಲಿ ಎರಡು ಡಿಸ್ಕಿನ ಆಟ ಕೊಂಡು, ಎರಡು ಗಂಟೆ ಬಸ್ಸಿನಲ್ಲಿ ಊರಿಗೆ ಹೋಗಿ, ರಾತ್ರಿ ಊಟ ಮುಗಿಸಿ ಕವರ್ ತೆಗೆದರೆ ಒಳಗೆ ಒಂದೇ ಡಿಸ್ಕ್. ಪ್ಲೇ ಡಿಸ್ಕ್ ಇತ್ತು, ಡೇಟಾ ಡಿಸ್ಕ್ ಇರಬೇಕಾದ ಕಡೆ ಪ್ಲಾಸ್ಟಿಕ್ಕಿನ ಹಲ್ಲು ಮಾತ್ರ. ಹಾಕಿ ನೋಡಿದೆ, ಮೊದಲು ಡೇಟಾ ಡಿಸ್ಕ್ ಹಾಕಿ ಎಂದು ತೆರೆ ಕೇಳಿತು. ಮಾರಿದವರಿಗೂ ಗೊತ್ತಿರಲಿಲ್ಲವೋ ಏನೋ. ಇನ್‌ಸ್ಟಾಲ್ ಆದ ಮೇಲೆ ಡೇಟಾ ಡಿಸ್ಕ್ ಬೇಕಾಗುವುದಿಲ್ಲವಲ್ಲ, ಹಾಗಾಗಿ ಅದು ಮನೆಯ ಮೂಲೆ ಸೇರಿದ್ದು ಯಾರ ಗಮನಕ್ಕೂ ಬರುವುದಿಲ್ಲ. ಕೌಂಟರಿನಲ್ಲೇ ಕವರ್ ಬಿಚ್ಚಿ ಎರಡನ್ನೂ ಬೆಳಕಿಗೆ ಹಿಡಿದು ನೋಡಿ. ಗೆಳೆಯರಿಗೆ ಕೊಡುವಾಗಲೂ ಎರಡನ್ನೂ ಕೊಡಿ, ವಾಪಸ್ ಬಂದಾಗ ಎರಡನ್ನೂ ಎಣಿಸಿಕೊಳ್ಳಿ.

ಉಳಿದ ಕನ್ಸೋಲುಗಳು

ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಬೆಲೆಯಲ್ಲಿ ಹಗುರ, ಆದರೆ ಅದರಲ್ಲಿ ಡಿಸ್ಕ್ ಡ್ರೈವೇ ಇಲ್ಲ. 512 ಜಿಬಿಯ ಮಾದರಿಯಲ್ಲಿ ಆಟಕ್ಕೆ ಸಿಗುವುದು 364 ಜಿಬಿ. 150ರ ಎರಡು ಆಟ ಕೂರಿಸಿದರೆ ಉಳಿಯುವುದು ಅರವತ್ತು ಚಿಲ್ಲರೆ. ಒಳ್ಳೆಯ ಫೈಬರ್ ಇದ್ದು, ತಿಂಗಳ ಚಂದಾ ಕಟ್ಟಿ ಹತ್ತಾರು ಆಟ ರುಚಿ ನೋಡುವ ಮನಸ್ಸಿನವರಿಗೆ ಸರಿ. ಡಿಸ್ಕ್ ಬೇಕೆಂದರೆ ಡ್ರೈವ್ ಇರುವ ಸೀರೀಸ್ ಎಕ್ಸ್‌ಗೆ ಹೋಗಬೇಕು, ಅದರಲ್ಲಿ ಸುಮಾರು 802 ಜಿಬಿ ಸಿಗುತ್ತದೆ. ಅದು ಒಳ್ಳೆಯ ಯಂತ್ರವೇ, ಆದರೆ ನಾನು ಕಂಡ ಹಾಗೆ ನಮ್ಮ ಕಡೆ ಕೈಯಿಂದ ಕೈಗೆ ಓಡಾಡುವ ಡಿಸ್ಕುಗಳೆಲ್ಲ ಪ್ಲೇಸ್ಟೇಷನ್ನಿನವು. ಗೆಳೆಯರ ಹತ್ತಿರ ಏನಿದೆ ಎಂಬುದೂ ಒಂದು ಲೆಕ್ಕ.

ನಿಂಟೆಂಡೊ ಸ್ವಿಚ್‌ನ ದಾರಿಯೇ ಬೇರೆ. ಇದು ಕೈಯಲ್ಲಿ ಹಿಡಿದೂ ಆಡುವಂಥದ್ದು, ಡಿಸ್ಕಿನ ಬದಲು ಬರುವ ಸಣ್ಣ ಕಾರ್ಡಿನಿಂದ ಆಟ ನೇರವಾಗಿ ಓಡುತ್ತದೆ, ಒಳಗೆ ಇಳಿಸಬೇಕಿಲ್ಲ. ಸಾಮಾನ್ಯ ಮಾದರಿಯ ಒಳಗಿನ ಜಾಗ ಬರೀ 32 ಜಿಬಿ ಇದ್ದರೂ ನಡೆದುಹೋಗುತ್ತದೆ, ಬೇಕಾದರೆ ಮೈಕ್ರೊ ಎಸ್‌ಡಿ ಕಾರ್ಡ್ ಹಾಕಬಹುದು. ಬ್ಯಾಟರಿ ಇರುವುದರಿಂದ ಕರೆಂಟು ಹೋದರೂ ಆಟ ನಿಲ್ಲುವುದಿಲ್ಲ. ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕಂಪನಿ ಇದನ್ನು ಭಾರತದಲ್ಲಿ ನೇರವಾಗಿ ಮಾರದಿರುವುದರಿಂದ ಹೊರಗಿನಿಂದ ತರಿಸಿದ್ದನ್ನೇ ಕೊಳ್ಳಬೇಕು, ಕೆಟ್ಟರೆ ರಿಪೇರಿಗೆ ತಿರುಗಾಟ. ಸ್ವಿಚ್ 2 ಕೊಳ್ಳುವವರು ಇನ್ನೊಂದು ನೋಡಿಕೊಳ್ಳಿ. ಅದರ ಕೆಲವು ಆಟಗಳು ಗೇಮ್-ಕೀ ಕಾರ್ಡ್ ಎಂದು ಬರುತ್ತವೆ. ಆ ಕಾರ್ಡಿನಲ್ಲಿ ಆಟ ಇರುವುದಿಲ್ಲ, ಪೂರ್ತಿ ಡೌನ್‌ಲೋಡ್ ಮಾಡಬೇಕು.

ಹಳೆಯ ಪಿಎಸ್ 4 ಈಗಲೂ ಕೆಟ್ಟ ಆಯ್ಕೆಯಲ್ಲ. ಡಿಸ್ಕುಗಳು ಅಗ್ಗಕ್ಕೆ ಧಾರಾಳವಾಗಿ ಸಿಗುತ್ತವೆ. 500 ಜಿಬಿಯದ್ದರಲ್ಲಿ ಕೈಗೆ ಸಿಗುವುದು ನಾನೂರರ ಆಸುಪಾಸು, ಆದರೆ ಒಳಗಿನ ಹಾರ್ಡ್ ಡಿಸ್ಕನ್ನು ತೆಗೆದು ಲ್ಯಾಪ್‌ಟಾಪಿನ ಎರಡೂವರೆ ಇಂಚಿನದ್ದನ್ನು ಹಾಕಲು ಅದರಲ್ಲಿ ಅವಕಾಶವಿದೆ. ದೊಡ್ಡ ಅಪ್‌ಡೇಟ್ ಬಂದಾಗ ಆಟದ ಗಾತ್ರದಷ್ಟೇ ಖಾಲಿ ಜಾಗವನ್ನು ಮತ್ತೆ ಕೇಳುತ್ತದೆ, ಆದ್ದರಿಂದ ಪೂರ್ತಿ ತುಂಬಿಸಬೇಡಿ. ಹೊಸ ಆಟಗಳು ಇದಕ್ಕೆ ಬರುವುದು ನಿಲ್ಲುತ್ತಾ ಬಂದಿದೆ ಎಂಬುದನ್ನೂ ತಿಳಿದೇ ಕೊಳ್ಳಿ.

ಜಾಗ ಸಾಲದಾದಾಗ

ಪಿಎಸ್ 5ಕ್ಕೆ ಎರಡು ದಾರಿ. ಒಂದು ಯುಎಸ್‌ಬಿ ಹಾರ್ಡ್ ಡಿಸ್ಕ್, ಇನ್ನೊಂದು ಒಳಗೆ ಕೂರಿಸುವ ಎಂ.2 ಎಸ್‌ಎಸ್‌ಡಿ.

ಯುಎಸ್‌ಬಿ ಹಾರ್ಡ್ ಡಿಸ್ಕ್ ನಮ್ಮ ಮನೆಗಳ ಅಟ್ಟ ಇದ್ದ ಹಾಗೆ. ದೊಡ್ಡ ಹಂಡೆ, ಚರಿಗೆಗಳನ್ನು ಅಟ್ಟದ ಮೇಲೆ ಇಡುತ್ತೇವೆ, ಆದರೆ ಅಡುಗೆ ಮಾಡಲು ಕೆಳಗೇ ಇಳಿಸಬೇಕು. ಪಿಎಸ್ 5ರ ಆಟಗಳನ್ನು ಅಲ್ಲಿ ಇಡಬಹುದು, ಅಲ್ಲಿಂದ ಆಡಲಾಗುವುದಿಲ್ಲ. ಬೇಕಾದಾಗ ಒಳಗೆ ವಾಪಸ್ ತರಲು ನೂರು ಜಿಬಿಗೆ ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ಹಿಡಿಯಬಹುದು. ಎಪ್ಪತ್ತೈದು ದಿನದ ಮುಂದೆ ಅದು ಏನೂ ಅಲ್ಲ. ಪಿಎಸ್ 4ರ ಆಟಗಳಾದರೆ ಅಲ್ಲಿಂದಲೇ ನೇರವಾಗಿ ಓಡುತ್ತವೆ. ಅಕ್ಕನ ಮಗ ಕೇಳಿದ್ದ ರೆಡ್ ಡೆಡ್ 2 ಪಿಎಸ್ 4ರ ಡಿಸ್ಕ್ ಆದ್ದರಿಂದ ಅವನಿಗೆ ಈ ದಾರಿಯೇ ಅಗ್ಗ. ಹಾರ್ಡ್ ಡಿಸ್ಕ್ ಕನಿಷ್ಠ 250 ಜಿಬಿ ಇರಬೇಕು, ನಡುವೆ ಹಬ್ (ಹಲವು ಯುಎಸ್‌ಬಿ ಚುಚ್ಚುವ ಪೆಟ್ಟಿಗೆ) ಬಳಸದೆ ನೇರವಾಗಿ ಕನ್ಸೋಲಿಗೆ ಚುಚ್ಚಬೇಕು.

ಎಂ.2 ಎಸ್‌ಎಸ್‌ಡಿ ಅಡುಗೆಮನೆಯನ್ನೇ ದೊಡ್ಡದು ಮಾಡಿದ ಹಾಗೆ. ಪಿಎಸ್ 5ರ ಆಟಗಳು ಅದರಿಂದಲೇ ಓಡುತ್ತವೆ. 2021ರ ಸೆಪ್ಟೆಂಬರ್‌ನ ಅಪ್‌ಡೇಟಿನಿಂದ ಈ ಸೌಲಭ್ಯ ಇದೆ. ಎನ್‌ವಿಎಂಇ ಎಂಬ ವೇಗದ ಬಗೆಯ ನಾಲ್ಕನೇ ತಲೆಮಾರಿನದ್ದಾಗಿರಬೇಕು, ಓದುವ ವೇಗ ಸೆಕೆಂಡಿಗೆ 5,500 ಎಂಬಿ ಅಥವಾ ಮೇಲಿರಬೇಕು, ಮೇಲೆ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಇರಬೇಕು, ಎಲ್ಲ ಸೇರಿ ದಪ್ಪ 11.25 ಮಿಲಿಮೀಟರ್ ಮೀರಬಾರದು. ಕಂಪ್ಯೂಟರ್ ಅಂಗಡಿಯಲ್ಲಿ ಬರೀ "ಎಂ.2 ಕೊಡಿ" ಎಂದರೆ ಲ್ಯಾಪ್‌ಟಾಪಿನ ಹಳೆಯ ಸಾಟಾ ಮಾದರಿಯನ್ನೂ ಕೊಟ್ಟಾರು, ಅದು ಇಲ್ಲಿ ನಡೆಯುವುದಿಲ್ಲ. ಕೂರಿಸುವುದು ಒಂದು ಸ್ಕ್ರೂಡ್ರೈವರ್ ಕೆಲಸ. ಬೆಲೆ ಅಷ್ಟೇ ಗಾತ್ರದ ಹಾರ್ಡ್ ಡಿಸ್ಕಿಗಿಂತ ಬಹಳ ಹೆಚ್ಚು.

ಎಕ್ಸ್‌ಬಾಕ್ಸ್ ಸೀರೀಸ್‌ನಲ್ಲೂ ಇದೇ ನ್ಯಾಯ. ಹೊಸ ಆಟ ಓಡಬೇಕಾದರೆ ಹಿಂಬದಿಗೆ ಚುಚ್ಚುವ ಎಕ್ಸ್‌ಪಾನ್ಶನ್ ಕಾರ್ಡೇ ಬೇಕು. ಮಗು ಕೂಡ ಚುಚ್ಚಬಹುದು, ಬೆಲೆ ಮಾತ್ರ ಜಾಸ್ತಿ.

ಮೊದಲ ದಿನವೇ ಎರಡರಲ್ಲಿ ಯಾವುದನ್ನೂ ಕೊಳ್ಳಬೇಡಿ ಎಂಬುದು ನನ್ನ ಸಲಹೆ. ಆರು ತಿಂಗಳು ಆಡಿ ನೋಡಿ. ಒಂದೊಂದೇ ಆಟ ಮುಗಿಸುವವರಿಗೆ 840 ಜಿಬಿ ಧಾರಾಳ.

ಮಳೆ, ಕರೆಂಟು

ಜೂನ್ ಬಂತೆಂದರೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಡಿಸ್ಕಿನ ಕವರನ್ನೂ ಅದು ಬಿಡುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಗೋಡೆಗೆ ತಾಗಿಸಬೇಡಿ. ಬಿಳಿ ಚುಕ್ಕೆ ಕಂಡರೆ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ಬ್ಲೂ-ರೇಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ 0.1 ಮಿಲಿಮೀಟರ್ ಆಳದಲ್ಲಷ್ಟೇ ಇರುತ್ತದೆ, ಡಿವಿಡಿಯಲ್ಲಿ 0.6. ಮೇಲೆ ಗಟ್ಟಿ ಲೇಪ ಇರುವುದರಿಂದ ಸಣ್ಣ ಗೀರು ಬೇಗ ಬೀಳುವುದಿಲ್ಲ, ಆದರೆ ಆಳದ ಗೀರು ಬಿದ್ದರೆ ಡಿಸ್ಕ್ ಹೋಯಿತು ಅಂತಲೇ.

ಕರೆಂಟಿನದ್ದು ಇನ್ನೂ ದೊಡ್ಡ ಕತೆ. ಆಷಾಢದ ಒಂದು ಮಧ್ಯಾಹ್ನ ಅಕ್ಕನ ಮನೆಯಲ್ಲಿ ಡೇಟಾ ಡಿಸ್ಕ್ ಹಾಕಿ ಕೂತಿದ್ದೆವು. ಹೊರಗೆ ಜಡಿಮಳೆ. ತೆರೆಯ ಮೇಲೆ ಇನ್‌ಸ್ಟಾಲ್ ಎಷ್ಟಾಯಿತೆಂದು ತೋರಿಸುವ ಪಟ್ಟಿ ಮುಕ್ಕಾಲು ದಾಟಿತ್ತು, ಮರ ಲೈನಿನ ಮೇಲೆ ಬಿದ್ದಿತೋ ಏನೋ, ಟಿವಿ ಕಪ್ಪಾಯಿತು. ಇನ್ವರ್ಟರ್ ಬಂತು, ಬಲ್ಬ್ ಒಂದು ಸಲ ಮಿಣುಕಿ ಹತ್ತಿಕೊಂಡಿತು, ಆದರೆ ಅಷ್ಟರಲ್ಲಿ ಕನ್ಸೋಲ್ ಆರಿಹೋಗಿತ್ತು. ಮತ್ತೆ ಹಾಕಿದಾಗ ಯುಎಸ್‌ಬಿ ಡ್ರೈವನ್ನು ಸರಿಯಾಗಿ ನಿಲ್ಲಿಸಿಲ್ಲ, ರಿಪೇರಿ ಮಾಡಬೇಕು ಎಂದಿತು. ಅವತ್ತು ಏನೂ ಕಳೆದುಹೋಗಲಿಲ್ಲ. ಆಮೇಲೆ ನೋಡಿದರೆ ಇನ್ವರ್ಟರಿನ ಹಿಂಬದಿಯ ಸ್ವಿಚ್ ನಾರ್ಮಲ್ ಮೋಡಿನಲ್ಲಿತ್ತು. ಅದನ್ನು ಯುಪಿಎಸ್ ಮೋಡಿಗೆ ತಿರುಗಿಸಿದ ಮೇಲೆ ಕರೆಂಟು ಹೋದರೂ ಕನ್ಸೋಲ್ ಆರುತ್ತಿಲ್ಲ. ಬಹಳ ಮನೆಗಳ ಇನ್ವರ್ಟರಿನಲ್ಲಿ ಈ ಸ್ವಿಚ್ ಇರುತ್ತದೆ, ಒಮ್ಮೆ ಹೋಗಿ ನೋಡಿ. ಪದೇಪದೇ ಕರೆಂಟು ಹೋಗುವ ಮನೆಯಲ್ಲಿ ತಿರುಗುವ ಹಾರ್ಡ್ ಡಿಸ್ಕಿಗಿಂತ ಒಳಗಿನ ಎಸ್‌ಎಸ್‌ಡಿ ಮೇಲು ಎಂದು ನಾನು ಹೇಳುವುದಕ್ಕೂ ಇದೇ ಕಾರಣ.

ಯಾರಿಗೆ ಯಾವುದು

ತೋಟದ ಮನೆ, ಮೊಬೈಲ್ ನೆಟ್ ಮಾತ್ರ, ಕತೆಯ ಆಟ ಇಷ್ಟ ಎನ್ನುವವರು ಕಣ್ಣು ಮುಚ್ಚಿಕೊಂಡು ಡಿಸ್ಕ್ ಇರುವ ಪಿಎಸ್ 5 ತಗೊಳ್ಳಿ. ದುಡ್ಡು ಅಷ್ಟಿಲ್ಲವೆಂದರೆ ಪಿಎಸ್ 4. ದೊಡ್ಡ ಅಪ್‌ಡೇಟ್ ಬಂದರೆ ಪೇಟೆಯ ನೆಂಟರ ಮನೆಗೆ ಹೋಗುವಾಗ ಕನ್ಸೋಲನ್ನೇ ಒಯ್ಯಬಹುದು, ಸ್ಲಿಮ್ 3.2 ಕೆಜಿ ಅಷ್ಟೇ. ಅಕ್ಕನ ಮಗ ಹಬ್ಬಕ್ಕೆ ನಮ್ಮ ಮನೆಗೆ ಬರುವಾಗ ಬಟ್ಟೆಯ ನಡುವೆ ಸುತ್ತಿ ತರುತ್ತಾನೆ.

ಶಿವಮೊಗ್ಗ, ಸಾಗರದಂಥ ಪೇಟೆಯಲ್ಲಿದ್ದು ಮನೆಗೆ ಫೈಬರ್ ಬಂದಿದ್ದರೆ, ಆಟ ಮಾರುವ ಗೋಜು ಬೇಡವೆಂದರೆ ಡಿಜಿಟಲ್ ಸಾಕು. ಉಳಿದ ದುಡ್ಡನ್ನು ಎಂ.2ಗೆ ಹಾಕಿ. ಮನೆಯಲ್ಲಿ ಮೂರ್ನಾಲ್ಕು ಮಂದಿ ಆಡುತ್ತಾರಾದರೆ ಆ ಎಂ.2 ಎರಡು ಟಿಬಿಯದ್ದೇ ಇರಲಿ.

ಹಾಸ್ಟೆಲಿನಲ್ಲಿರುವವರಿಗೆ ವೈಫೈ ಎಷ್ಟು ಸಿಗುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಸಿಗದಿದ್ದರೆ ಸ್ವಿಚ್ ಒಳ್ಳೆಯದು, ಬ್ಯಾಗಿನಲ್ಲಿ ಹಾಕಿಕೊಂಡು ಊರಿಗೂ ಒಯ್ಯಬಹುದು.

ವಿನೋಬನಗರದ ಆ ತಾಯಿ ಇಬ್ಬರು ಮಕ್ಕಳಿಗಾಗಿ ಕೇಳಿದ್ದರು. ಫೈಬರ್ ಇತ್ತು, ಆದರೆ ಮಕ್ಕಳ ಸಹಪಾಠಿಗಳ ಮನೆಯಲ್ಲೆಲ್ಲ ಪಿಎಸ್ 5ರ ಡಿಸ್ಕುಗಳಿದ್ದವು. ಡಿಸ್ಕ್ ಇರುವುದನ್ನೇ ತಗೊಳ್ಳಿ ಎಂದೆ. ಎರಡು ಆಟ ಮಾತ್ರ ಕೊಂಡರು, ಉಳಿದವು ಬದಲಾಯಿಸಿಕೊಂಡು ಬರುತ್ತಿವೆ. ಯಾವ ಡಿಸ್ಕ್ ಯಾರ ಮನೆಯಲ್ಲಿದೆ ಎಂದು ದೊಡ್ಡ ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಎರಡು ಡಿಸ್ಕಿನ ಆಟದ ಮುಂದೆ "2" ಎಂದು ಕೆಂಪಿನಲ್ಲಿ ಗುರುತು ಹಾಕಿದ್ದಾಳೆ.